ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ: ತೊಂಬತ್ತಾರು ಅರ್ಧಚ್ಛೇದಗಳ ಸಂಖ್ಯೆ ಮತ್ತು ಅದನ್ನು ಉಳಿಸಿಕೊಟ್ಟ ಮುನಿ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿ ಭಗವಾನ್ ಬಾಹುಬಲಿಯ ದರ್ಶನ ಪಡೆಯದ ಜೈನ ಕುಟುಂಬ ನಮ್ಮ ನಾಡಿನಲ್ಲಿ ವಿರಳ. ಆ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಹೆಸರು ಮಕ್ಕಳಿಗೂ ಗೊತ್ತು. ಅದರ ಜೊತೆಗೇ ನಾವು ಹೇಳುವ ಇನ್ನೊಂದು ಹೆಸರು ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳದು. ಆದರೆ ಅವರ ಗ್ರಂಥಗಳು ಪಂಡಿತರ ಸ್ವಾಧ್ಯಾಯಕ್ಕೆ ಮಾತ್ರ ಸೇರಿದವು ಎಂಬ ಭಾವನೆಯಿಂದ ಹೆಚ್ಚಿನ ಮನೆಗಳಲ್ಲಿ ಅವುಗಳನ್ನು ತೆರೆಯುವುದಿಲ್ಲ. ಆ ಗ್ರಂಥಗಳಲ್ಲಿರುವ ಒಂದೇ ಒಂದು ಸಂಖ್ಯೆಯ ಮೂಲಕ ಆಚಾರ್ಯರ ಬದುಕನ್ನೂ ಅವರ ಬುದ್ಧಿಯ ರೀತಿಯನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ. ಇಪ್ಪತ್ತೊಂಬತ್ತು ಅಂಕೆಗಳ ಆ ಸಂಖ್ಯೆ ಮನುಷ್ಯ ಜನ್ಮಕ್ಕೆ ಸಂಬಂಧಿಸಿದ್ದು.

ಆಚಾರ್ಯರು ಬಾಳಿದ ಕಾಲ

ನೇಮಿಚಂದ್ರಾಚಾರ್ಯರು ಕ್ರಿ.ಶ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದ್ದವರು. ಅದು ಕರ್ನಾಟಕದಲ್ಲಿ ದೊಡ್ಡ ರಾಜಕೀಯ ಏರುಪೇರುಗಳಾದ ಕಾಲ. 973ರಲ್ಲಿ ರಾಷ್ಟ್ರಕೂಟರ ಪ್ರಭುತ್ವ ಕುಸಿದು ಕಲ್ಯಾಣ ಚಾಲುಕ್ಯರ ತೈಲಪನ ಕೈ ಮೇಲಾಯಿತು. ರಾಷ್ಟ್ರಕೂಟರಿಗೆ ಬೆಂಬಲವಾಗಿ ನಿಂತಿದ್ದ ತಲಕಾಡಿನ ಗಂಗರ ಅರಸ ಎರಡನೆಯ ಮಾರಸಿಂಹನು ಕೊನೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹತ್ಯಾಗ ಮಾಡಿದನು. ಅವನ ನಂತರ ನಾಲ್ಕನೆಯ ರಾಚಮಲ್ಲನು ಪಟ್ಟಕ್ಕೆ ಬಂದನು. ಈ ಇಬ್ಬರು ಅರಸರಿಗೂ ಮಂತ್ರಿಯಾಗಿ, ದಂಡನಾಯಕನಾಗಿ ರಾಜ್ಯವನ್ನು ಹಿಡಿದು ನಿಲ್ಲಿಸಿದವನು ಚಾವುಂಡರಾಯ. ಸಮರ ಪರಶುರಾಮ, ವೀರಮಾರ್ತಂಡ ಮುಂತಾದ ಬಿರುದುಗಳು ಅವನಿಗೆ ಯುದ್ಧಭೂಮಿಯಲ್ಲಿ ಬಂದವು.

ಅದೇ ಚಾವುಂಡರಾಯ 978ರಲ್ಲಿ ಕನ್ನಡ ಗದ್ಯದಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಬರೆದನು. 981ರಲ್ಲಿ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟೇಶ್ವರ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಕತ್ತಿ ಹಿಡಿದ ಕೈ ಲೇಖನಿಯನ್ನೂ ಹಿಡಿಯಿತು. ಇಂಥ ಶಿಷ್ಯನಿಗೆ ಸಿದ್ಧಾಂತವನ್ನು ಬೋಧಿಸಿದ ಗುರುಗಳು ನೇಮಿಚಂದ್ರಾಚಾರ್ಯರು.

ಗುರುಪರಂಪರೆ ಮತ್ತು ಬಿರುದು

ಆಚಾರ್ಯರು ದೇಶೀಯ ಗಣಕ್ಕೆ ಸೇರಿದವರು. ಅಭಯನಂದಿ, ವೀರನಂದಿ, ಇಂದ್ರನಂದಿ, ಕನಕನಂದಿ ಮುನಿಗಳನ್ನು ಅವರು ತಮ್ಮ ಗ್ರಂಥಗಳಲ್ಲಿ ಗೌರವದಿಂದ ಸ್ಮರಿಸುತ್ತಾರೆ. ಧರಸೇನಾಚಾರ್ಯರಿಂದ ಉಪದೇಶ ಪಡೆದ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ರಚಿಸಿದ ಷಟ್ಖಂಡಾಗಮವೂ, ಅದಕ್ಕೆ ವೀರಸೇನಾಚಾರ್ಯರು 816ರಲ್ಲಿ ಬರೆದು ಮುಗಿಸಿದ ಧವಳಾ ಟೀಕೆಯೂ ನೇಮಿಚಂದ್ರರ ಅಧ್ಯಯನದ ತಳಹದಿ. ಚಕ್ರವರ್ತಿಯು ತನ್ನ ಚಕ್ರದಿಂದ ಭರತ ಕ್ಷೇತ್ರದ ಆರು ಖಂಡಗಳನ್ನು ಗೆಲ್ಲುವಂತೆ, ತಾವು ಬುದ್ಧಿಯೆಂಬ ಚಕ್ರದಿಂದ ಆಗಮದ ಆರು ಖಂಡಗಳನ್ನು ಸಾಧಿಸಿದ್ದಾಗಿ ಅವರು ಗೊಮ್ಮಟಸಾರದಲ್ಲಿ ಹೇಳಿಕೊಂಡಿದ್ದಾರೆ. ಸಿದ್ಧಾಂತ ಚಕ್ರವರ್ತಿ ಎಂಬ ಬಿರುದಿನ ಅರ್ಥ ಇದೇ.

ಆದರೆ ಅದೇ ಆಚಾರ್ಯರು ತ್ರಿಲೋಕಸಾರದ ಕೊನೆಯಲ್ಲಿ ತಮ್ಮನ್ನು ಅಲ್ಪಶ್ರುತನೆಂದು ಕರೆದುಕೊಂಡು, ಬಹುಶ್ರುತರಾದ ಆಚಾರ್ಯರು ತಪ್ಪುಗಳನ್ನು ಕ್ಷಮಿಸಬೇಕೆಂದು ಬೇಡಿಕೊಳ್ಳುತ್ತಾರೆ. ಗೆದ್ದವನೆಂಬ ಆತ್ಮವಿಶ್ವಾಸ, ಕಲಿಯುವವನೆಂಬ ವಿನಯ ಇವೆರಡೂ ಒಬ್ಬರಲ್ಲೇ ಇದ್ದುದನ್ನು ನಾವು ಗಮನಿಸಬೇಕು.

ಸಾರವನ್ನು ತೆಗೆದವರು

ಗೊಮ್ಮಟಸಾರ, ಲಬ್ಧಿಸಾರ, ಕ್ಷಪಣಾಸಾರ, ತ್ರಿಲೋಕಸಾರ ಎಂಬ ಹೆಸರುಗಳನ್ನು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಎಲ್ಲದರ ಕೊನೆಯಲ್ಲೂ ಸಾರ ಎಂಬ ಮಾತಿದೆ. ಸಾವಿರಾರು ಶ್ಲೋಕ ಪ್ರಮಾಣದ ಆಗಮ ಮತ್ತು ಟೀಕೆಗಳನ್ನು ಓದಿ, ಒಬ್ಬ ಮನುಷ್ಯನು ಕಂಠಪಾಠ ಮಾಡಿಕೊಳ್ಳಬಹುದಾದಷ್ಟು ಗಾಥೆಗಳಿಗೆ ಇಳಿಸಿ ಕೊಡುವುದೇ ಅವರ ಜೀವನದ ಕೆಲಸವಾಗಿತ್ತು. ಗೊಮ್ಮಟ ಎಂಬುದು ಚಾವುಂಡರಾಯನಿಗಿದ್ದ ಇನ್ನೊಂದು ಹೆಸರು. ಅವನ ಪ್ರಶ್ನೆಗಳ ನಿಮಿತ್ತವಾಗಿಯೇ ಗೊಮ್ಮಟಸಾರ ಹುಟ್ಟಿತೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಶೌರಸೇನಿ ಪ್ರಾಕೃತದಲ್ಲಿರುವ ಈ ಗ್ರಂಥಕ್ಕೆ ಜೀವಕಾಂಡ ಮತ್ತು ಕರ್ಮಕಾಂಡ ಎಂಬ ಎರಡು ಭಾಗಗಳಿವೆ. ಜೀವಕಾಂಡದಲ್ಲಿ ಗುಣಸ್ಥಾನ, ಮಾರ್ಗಣಾಸ್ಥಾನ ಮುಂತಾದವುಗಳ ಮೂಲಕ ಜೀವಗಳ ವಿಚಾರ ಬರುತ್ತದೆ. ಕರ್ಮಕಾಂಡದಲ್ಲಿ ಕರ್ಮಗಳ ಬಂಧ, ಉದಯ, ಸತ್ತ್ವಗಳ ವಿವರವಿದೆ.

ಜೀವಗಳನ್ನು ಕುರಿತು ಬರೆಯುವವರು ಅವು ಎಷ್ಟು ಎಂಬುದನ್ನೂ ಹೇಳಬೇಕು. ಜೈನ ಸಿದ್ಧಾಂತದಲ್ಲಿ ಸಂಖ್ಯೆಗಳು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಬಗೆ. ದೇವಗತಿಯ ಮತ್ತು ನರಕಗತಿಯ ಜೀವಗಳು ಅಸಂಖ್ಯಾತ. ತಿರ್ಯಂಚ ಗತಿಯ ಜೀವಗಳು ಅನಂತ. ಆದರೆ ಪರ್ಯಾಪ್ತ ಮನುಷ್ಯರು, ಅಂದರೆ ದೇಹ, ಇಂದ್ರಿಯ ಮುಂತಾದ ಶಕ್ತಿಗಳು ಪೂರ್ಣಗೊಂಡ ಮನುಷ್ಯರು, ಸಂಖ್ಯಾತ. ಅಂದರೆ ಅವರನ್ನು ಅಂಕೆಗಳಲ್ಲಿ ಬರೆದು ಮುಗಿಸಬಹುದು. ಆ ಸಂಖ್ಯೆ ಇದು:

79228162514264337593543950336

ಇಪ್ಪತ್ತೊಂಬತ್ತು ಅಂಕೆಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಯಾವ ಕ್ರಮವೂ ಕಾಣುವುದಿಲ್ಲ. ಇದನ್ನು ಆಚಾರ್ಯರು ಒಂದೇ ಗಾಥೆಯಲ್ಲಿ ಅಡಗಿಸಿಟ್ಟರು. ಅದಕ್ಕೆ ಅವರು ಬಳಸಿದ್ದು ಅಕ್ಷರಗಳಿಗೆ ಅಂಕೆಗಳನ್ನು ಕೊಡುವ ಕಟಪಯಾದಿ ಪದ್ಧತಿ. ಕ, ಟ, ಪ, ಯ ಅಕ್ಷರಗಳಿಗೆ 1, ಮುಂದಿನ ಅಕ್ಷರಗಳಿಗೆ ಕ್ರಮವಾಗಿ 2, 3, 4 ಎಂದು ಲೆಕ್ಕ. ಉದಾಹರಣೆಗೆ ಗಣಿತ ಎಂಬ ಪದವನ್ನು ತೆಗೆದುಕೊಳ್ಳಿ. ಗ ಎಂದರೆ 3, ಣ ಎಂದರೆ 5, ತ ಎಂದರೆ 6. ಬಲದಿಂದ ಎಡಕ್ಕೆ ಬರೆದರೆ 653. ಇದೇ ರೀತಿ ಗಾಥೆಯ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಬಲದಿಂದ ಎಡಕ್ಕೆ ಬರೆಯುತ್ತಾ ಹೋದರೆ ಮೇಲಿನ ಸಂಖ್ಯೆ ಬರುತ್ತದೆ.

ಆದರೆ ತಾಳೆಗರಿಯಲ್ಲಿ ಒಂದು ಅಕ್ಷರ ತಪ್ಪಾದರೆ ಏನು ಗತಿ? ಕೋಟಿ ಕೋಟಿಗಳ ಲೆಕ್ಕವೇ ಬದಲಾಗುತ್ತದೆ. ಅದಕ್ಕೆ ಪರಿಹಾರವೂ ಈ ಸಂಖ್ಯೆಯ ಒಳಗೇ ಇದೆ. ಅದನ್ನು ತಿಳಿಯಲು ಅರ್ಧಚ್ಛೇದ ಎಂಬ ಪದದ ಅರ್ಥ ತಿಳಿಯಬೇಕು.

ಅರ್ಧಚ್ಛೇದ ಎಂದರೇನು?

ನಾವು ದಿನವೂ ಬಳಸುವುದು ದಶಮಾನ ಪದ್ಧತಿ. 1000 ಎಂದು ಬರೆದಾಗ ಕೊನೆಯ ಮೂರು ಸೊನ್ನೆಗಳು, ಆ ಸಂಖ್ಯೆಯನ್ನು ಹತ್ತರಿಂದ ಮೂರು ಬಾರಿ ಭಾಗಿಸಿದರೆ ಒಂದು ಉಳಿಯುತ್ತದೆ ಎಂದು ತಿಳಿಸುತ್ತವೆ. ಹತ್ತರ ಬದಲು ಎರಡನ್ನು ಆಧಾರವಾಗಿ ಇಟ್ಟುಕೊಂಡರೆ ಅದು ದ್ವಿಮಾನ ಪದ್ಧತಿ. ಅದರಲ್ಲಿ 0 ಮತ್ತು 1 ಎಂಬ ಎರಡೇ ಅಂಕೆಗಳು.

ಮನೆಯ ಮಕ್ಕಳೊಂದಿಗೆ ಕುಳಿತು ಈ ಸಣ್ಣ ಲೆಕ್ಕ ಮಾಡಿ ನೋಡಿ. 16ನ್ನು ಅರ್ಧ ಮಾಡುತ್ತಾ ಹೋದರೆ 8, 4, 2, 1. ನಾಲ್ಕು ಬಾರಿ ಅರ್ಧ ಮಾಡಿದಾಗ ಒಂದು ಬಂತು. ದ್ವಿಮಾನದಲ್ಲಿ 16ನ್ನು ಬರೆಯುವುದು 10000 ಎಂದು, ಒಂದರ ಮುಂದೆ ನಾಲ್ಕು ಸೊನ್ನೆ. ಈಗ 12ನ್ನು ತೆಗೆದುಕೊಳ್ಳಿ. ಅರ್ಧ ಮಾಡಿದರೆ 6, ಮತ್ತೆ ಅರ್ಧ ಮಾಡಿದರೆ 3. ಇನ್ನು ಶೇಷವಿಲ್ಲದೆ ಅರ್ಧ ಮಾಡಲು ಬರುವುದಿಲ್ಲ. ದ್ವಿಮಾನದಲ್ಲಿ 12 ಎಂದರೆ 1100, ಕೊನೆಯಲ್ಲಿ ಎರಡೇ ಸೊನ್ನೆ. ಹೀಗೆ ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಎಷ್ಟು ಬಾರಿ ಅರ್ಧ ಮಾಡಬಹುದೋ ದ್ವಿಮಾನದಲ್ಲಿ ಅದರ ಕೊನೆಗೆ ಅಷ್ಟು ಸೊನ್ನೆಗಳಿರುತ್ತವೆ.

ಒಂದು ಉಳಿಯುವವರೆಗೆ ಅರ್ಧ ಮಾಡಬಹುದಾದ ಬಾರಿಗಳ ಎಣಿಕೆಯನ್ನು ನಮ್ಮ ಆಚಾರ್ಯರು ಅರ್ಧಚ್ಛೇದ ಎಂದು ಕರೆದರು. 16ರ ಅರ್ಧಚ್ಛೇದ 4. ಧವಳಾ ಟೀಕೆಯಲ್ಲಿ ಮೂರರಿಂದ ಭಾಗಿಸುವ ತ್ರಿಕಚ್ಛೇದ ಮತ್ತು ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದಗಳೂ ಇವೆ. 81ರ ತ್ರಿಕಚ್ಛೇದ 4. 64ರ ಚತುರ್ಥಚ್ಛೇದ 3. ಒಂದೇ ಸಂಖ್ಯೆಯನ್ನು ಬೇರೆ ಬೇರೆ ಆಧಾರಗಳಿಂದ ನೋಡಬಹುದು, ಪ್ರತಿ ಆಧಾರವೂ ಅದರ ಬೇರೊಂದು ಗುಣವನ್ನು ತೋರಿಸುತ್ತದೆ ಎಂಬ ಅರಿವು ಅವರಿಗಿತ್ತು.

ಅರ್ಧಚ್ಛೇದಗಳ ನಿಯಮಗಳನ್ನು ನೇಮಿಚಂದ್ರಾಚಾರ್ಯರು ತ್ರಿಲೋಕಸಾರದಲ್ಲಿ ಕೊಟ್ಟಿದ್ದಾರೆ. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳನ್ನು ಕೂಡಿಸಬೇಕು. ಭಾಗಿಸಿದರೆ ಕಳೆಯಬೇಕು. 16 ಮತ್ತು 8ನ್ನು ಗುಣಿಸಿದರೆ 128. 16ರ ಅರ್ಧಚ್ಛೇದ 4, 8ರದು 3, ಕೂಡಿಸಿದರೆ 7. 128ನ್ನು ಏಳು ಬಾರಿ ಅರ್ಧ ಮಾಡಿದರೆ ಒಂದು ಬರುತ್ತದೆ. ಶಾಲೆಯಲ್ಲಿ ಲಾಗರಿದಮ್ ಕಲಿತವರಿಗೆ ಈ ನಿಯಮ ಪರಿಚಿತ.

ದ್ವಿರೂಪ ವರ್ಗಧಾರೆ

ಸಾವಿರಕ್ಕೂ ಹೆಚ್ಚು ಗಾಥೆಗಳಿರುವ ತ್ರಿಲೋಕಸಾರದ ವಿಷಯ ಮೂರು ಲೋಕಗಳ ವರ್ಣನೆ. ಆದರೆ ಅಷ್ಟು ದೊಡ್ಡ ಲೋಕವನ್ನು ಅಳೆಯಲು ದೊಡ್ಡ ಸಂಖ್ಯೆಗಳು ಬೇಕು. ಅದಕ್ಕಾಗಿ ಆಚಾರ್ಯರು ಆರಂಭದಲ್ಲೇ ಹದಿನಾಲ್ಕು ಧಾರೆಗಳನ್ನು, ಅಂದರೆ ಸಂಖ್ಯಾಶ್ರೇಣಿಗಳನ್ನು ವಿವರಿಸುತ್ತಾರೆ. ಸರ್ವಧಾರೆ, ಸಮಧಾರೆ, ವಿಷಮಧಾರೆ, ಕೃತಿಧಾರೆ, ಘನಧಾರೆ ಮುಂತಾಗಿ ಸಾಗುವ ಈ ಪಟ್ಟಿಯಲ್ಲಿ ದ್ವಿರೂಪ ವರ್ಗಧಾರೆ ನಮಗೆ ಇಲ್ಲಿ ಮುಖ್ಯ.

ಎರಡರಿಂದ ಆರಂಭಿಸಿ ಅದರ ವರ್ಗ ಮಾಡಬೇಕು. ಬಂದದ್ದರ ವರ್ಗವನ್ನು ಮತ್ತೆ ಮಾಡಬೇಕು. ಮೊದಲ ವರ್ಗ 4, ಎರಡನೆಯದು 16, ಮೂರನೆಯದು 256, ನಾಲ್ಕನೆಯದು 65536. ಐದನೆಯದು 4294967296. ಆರನೆಯದು 18446744073709551616. ಕೊನೆಯ ಮೂರಕ್ಕೆ ಪ್ರಾಕೃತದಲ್ಲಿ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂಬ ಹೆಸರುಗಳಿವೆ. ಆರಂಭದ ಅಂಕೆಗಳಿಂದಲೇ ಈ ಹೆಸರುಗಳು ಬಂದಿವೆ: ಪಣ್ಣಟ್ಠಿ ಎಂದರೆ ಅರವತ್ತೈದು, ಬಾದಾಲ ಎಂದರೆ ನಲವತ್ತೆರಡು, ಏಕಟ್ಠಿ ಎಂದರೆ ಒಂದು ಮತ್ತು ಎಂಟು. ಉದ್ದವಾದ ಸಂಖ್ಯೆಗೆ ಒಂದು ಚಿಕ್ಕ ಹೆಸರು ಕೊಟ್ಟು ನೆನಪಿನಲ್ಲಿಡುವ ಉಪಾಯ ಇದು.

ದಶಮಾನದಲ್ಲಿ ನೋಡಿದರೆ ಈ ಸಂಖ್ಯೆಗಳು ಬೆಳೆಯುವ ರೀತಿ ಬೆರಗು ಹುಟ್ಟಿಸುತ್ತದೆ. ಅರ್ಧಚ್ಛೇದದಿಂದ ನೋಡಿದರೆ ಎಲ್ಲವೂ ಸರಳ: 2, 4, 8, 16, 32, 64. ಪ್ರತಿ ಬಾರಿಯೂ ದುಪ್ಪಟ್ಟು, ಅಷ್ಟೇ. ಎಷ್ಟನೆಯ ವರ್ಗ ಎಂಬುದನ್ನು ಹೇಳುವ ಎಣಿಕೆಗೆ ವರ್ಗಶಲಾಕೆ ಎಂದು ಹೆಸರು. ಏಕಟ್ಠಿಯ ವರ್ಗಶಲಾಕೆ 6. ಇಪ್ಪತ್ತು ಅಂಕೆಗಳ ಸಂಖ್ಯೆ ಹೀಗೆ ಒಂದೇ ಅಂಕೆಯಲ್ಲಿ ಕೈಗೆ ಸಿಗುತ್ತದೆ.

ಮನುಷ್ಯರ ಸಂಖ್ಯೆಯ ಗುಟ್ಟು

ಈಗ ಮತ್ತೆ ಇಪ್ಪತ್ತೊಂಬತ್ತು ಅಂಕೆಗಳ ಸಂಖ್ಯೆಗೆ ಬರೋಣ. ಪರ್ಯಾಪ್ತ ಮನುಷ್ಯರ ಸಂಖ್ಯೆ ದ್ವಿರೂಪ ವರ್ಗಧಾರೆಯ ಐದನೆಯ ವರ್ಗದ ಘನ, ಅಂದರೆ ಬಾದಾಲವನ್ನು ಮೂರು ಬಾರಿ ಇಟ್ಟು ಗುಣಿಸಿದರೆ ಬರುವ ಸಂಖ್ಯೆ. ಬಾದಾಲದ ಅರ್ಧಚ್ಛೇದ 32. ಮೂರು ಬಾರಿ ಕೂಡಿಸಿದರೆ 96. ಬಾದಾಲ ಮತ್ತು ಏಕಟ್ಠಿಗಳನ್ನು ಗುಣಿಸಿದರೂ 32 ಮತ್ತು 64 ಸೇರಿ 96. ಎರಡು ದಾರಿಗಳೂ ಒಂದೇ ಕಡೆ ಸೇರುತ್ತವೆ. ಶ್ವೇತಾಂಬರ ಪರಂಪರೆಯ ಅನುಯೋಗದ್ವಾರ ಸೂತ್ರದಲ್ಲಿಯೂ ಮನುಷ್ಯರ ಸಂಖ್ಯೆಯನ್ನು ತೊಂಬತ್ತಾರು ಬಾರಿ ಅರ್ಧ ಮಾಡಬಹುದಾದ ಸಂಖ್ಯೆಯೆಂದು ಹೇಳಿದೆ. ಈ ಲೆಕ್ಕದಲ್ಲಿ ಎರಡೂ ಪರಂಪರೆಗಳು ಒಂದೇ ಮಾತನ್ನಾಡುತ್ತವೆ ಎಂಬುದು ಸಂತೋಷದ ವಿಷಯ.

ಇದರ ಅರ್ಥವೇನು? ದಶಮಾನದಲ್ಲಿ ಯಾವ ಕ್ರಮವೂ ಕಾಣದ ಆ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದರೆ ಒಂದರ ಮುಂದೆ ತೊಂಬತ್ತಾರು ಸೊನ್ನೆಗಳು, ಬೇರೇನೂ ಇಲ್ಲ. ಇಂದು ಕಂಪ್ಯೂಟರ್ ಕೆಲಸದಲ್ಲಿ ಬಳಸುವ ಹದಿನಾರರ ಆಧಾರದಲ್ಲಿ ಬರೆದರೆ ಒಂದರ ಮುಂದೆ ಇಪ್ಪತ್ತನಾಲ್ಕು ಸೊನ್ನೆಗಳು. ಸಂಖ್ಯೆ ಬದಲಾಗಲಿಲ್ಲ, ನೋಡುವ ಆಧಾರ ಬದಲಾಯಿತು. ಒಂದೇ ವಸ್ತುವನ್ನು ಹಲವು ನಯಗಳಿಂದ ನೋಡಬೇಕೆಂದು ಕಲಿಸುವ ಧರ್ಮದವರಿಗೆ ಇದು ಹೊಸ ಮಾತಲ್ಲ.

ಲಿಪಿಕಾರನ ತಪ್ಪಿನ ಪ್ರಶ್ನೆಗೂ ಇಲ್ಲಿ ಉತ್ತರ ಸಿಗುತ್ತದೆ. ಇಪ್ಪತ್ತೊಂಬತ್ತು ಅಂಕೆಗಳ ಎಲ್ಲ ಸಂಖ್ಯೆಗಳಲ್ಲಿ, ಶೇಷವಿಲ್ಲದೆ ತೊಂಬತ್ತಾರು ಬಾರಿ ಅರ್ಧ ಮಾಡಬಹುದಾದದ್ದು ಇದೊಂದೇ. ಇದಕ್ಕಿಂತ ಚಿಕ್ಕದು ಯಾವುದೂ ಇಲ್ಲ. ಮುಂದಿನದು ಇದರ ಎರಡರಷ್ಟು, ಅದಕ್ಕೆ ಮೂವತ್ತು ಅಂಕೆಗಳು. ಆದ್ದರಿಂದ ಗಾಥೆಯ ಯಾವುದೇ ಒಂದು ಅಕ್ಷರ ತಪ್ಪಿ ಒಂದು ಅಂಕೆ ಬದಲಾದರೂ ಅರ್ಧ ಮಾಡುತ್ತಾ ಹೋದಾಗ ನಡುವೆಯೇ ಬೆಸ ಸಂಖ್ಯೆ ಬಂದು ನಿಲ್ಲುತ್ತದೆ, ತಪ್ಪು ಹೊರಬೀಳುತ್ತದೆ. ಗಾಥೆ ಮರೆತರೂ 96 ಎಂಬುದು ನೆನಪಿದ್ದರೆ ಸಾಕು, ಒಂದನ್ನು ತೊಂಬತ್ತಾರು ಬಾರಿ ದುಪ್ಪಟ್ಟು ಮಾಡಿ ಸಂಖ್ಯೆಯನ್ನು ಮತ್ತೆ ಪಡೆಯಬಹುದು.

ಇದೇ ಪ್ರಸಂಗದಲ್ಲಿ ಆಚಾರ್ಯರು ಪರ್ಯಾಪ್ತ ಮನುಷ್ಯರಲ್ಲಿ ನಾಲ್ಕರಲ್ಲಿ ಮೂರು ಭಾಗ ಮಾನುಷಿಯರು ಎಂದು ತಿಳಿಸುತ್ತಾರೆ. ದಶಮಾನದಲ್ಲಿ ಅದು 59421121885698253195157962752, ಮೊದಲಿನದಕ್ಕೂ ಇದಕ್ಕೂ ಸಂಬಂಧವೇ ಕಾಣದು. ದ್ವಿಮಾನದಲ್ಲಿ ಬರೆದರೆ 11ರ ಮುಂದೆ ತೊಂಬತ್ತನಾಲ್ಕು ಸೊನ್ನೆಗಳು. ಉಳಿದ ನಾಲ್ಕನೆಯ ಒಂದು ಭಾಗ 1ರ ಮುಂದೆ ತೊಂಬತ್ತನಾಲ್ಕು ಸೊನ್ನೆಗಳು. ಎರಡನ್ನೂ ಕೂಡಿಸಿದರೆ ಮತ್ತೆ ಒಂದರ ಮುಂದೆ ತೊಂಬತ್ತಾರು ಸೊನ್ನೆ.

ಹೇಳಬೇಕಾದದ್ದು, ಹೇಳಬಾರದದ್ದು

ಇಂಥ ವಿಷಯ ತಿಳಿದಾಗ ಕಂಪ್ಯೂಟರನ್ನೇ ನಮ್ಮ ಆಚಾರ್ಯರು ಕಂಡುಹಿಡಿದಿದ್ದರು ಎಂದು ಹೇಳಿಬಿಡುವ ಉತ್ಸಾಹ ಸಹಜ. ಆದರೆ ಸತ್ಯವ್ರತ ಪಾಲಿಸುವ ನಾವು ಅಳತೆ ಮೀರಿ ಮಾತಾಡಬಾರದು. ನೇಮಿಚಂದ್ರಾಚಾರ್ಯರು ಸಂಖ್ಯೆಗಳನ್ನು 0 ಮತ್ತು 1 ಮಾತ್ರ ಬಳಸಿ ಬರೆಯಲಿಲ್ಲ. ಅವರ ಅಂಕೆಗಳು ದಶಮಾನದವೇ. ದ್ವಿಮಾನ ಅಂಕಗಣಿತವನ್ನು ವಿವರಿಸಿ ಜರ್ಮನಿಯ ಲೈಬ್ನಿಟ್ಸ್ 1703ರಲ್ಲಿ ಪ್ರಕಟಿಸಿದ ಬರಹ ಬೇರೆಯೇ ದಾರಿಯಲ್ಲಿ ಬಂದದ್ದು. ನಮ್ಮ ಆಚಾರ್ಯರು ಮಾಡಿದ್ದು, ಸಂಖ್ಯೆಯನ್ನು ಎರಡರ ಆಧಾರದಿಂದ ಅಳೆದು, ಆ ಅಳತೆಗೆ ಹೆಸರು ಕೊಟ್ಟು, ಅದರ ನಿಯಮಗಳನ್ನು ಕಂಡು, ಅದರಿಂದ ಅತಿ ದೊಡ್ಡ ಸಂಖ್ಯೆಗಳನ್ನು ನಿಭಾಯಿಸಿದ್ದು. ಇಷ್ಟೇ ಸಾಕಷ್ಟು ದೊಡ್ಡ ಸಾಧನೆ. ಇದಕ್ಕೆ ಇನ್ನೊಬ್ಬರ ಕಿರೀಟವನ್ನು ತಂದು ತೊಡಿಸುವ ಅಗತ್ಯವಿಲ್ಲ.

ಈ ಸಂಖ್ಯೆಯನ್ನು ಇಂದಿನ ಜನಗಣತಿಯೊಂದಿಗೆ ಹೋಲಿಸುವುದೂ ಸರಿಯಲ್ಲ. ಶಾಸ್ತ್ರದಲ್ಲಿ ಹೇಳಿರುವುದು ಎರಡೂವರೆ ದ್ವೀಪಗಳ ಮನುಷ್ಯ ಕ್ಷೇತ್ರದ ಲೆಕ್ಕ. ಅದರ ಉದ್ದೇಶವೂ ಬೇರೆ. ಅನಂತ ಜೀವಗಳ ನಡುವೆ ಮನುಷ್ಯರು ಮಾತ್ರ ಎಣಿಸಿ ಮುಗಿಸಬಹುದಾದಷ್ಟು ಕಡಿಮೆ ಎಂಬುದು ಅದರ ತಾತ್ಪರ್ಯ. ಇಪ್ಪತ್ತೊಂಬತ್ತು ಅಂಕೆಗಳು ನಮಗೆ ದೊಡ್ಡದಾಗಿ ಕಾಣಬಹುದು. ಅನಂತದ ಮುಂದೆ ಅದು ಏನೂ ಅಲ್ಲ. ಮನುಷ್ಯ ಜನ್ಮ ದುರ್ಲಭ ಎಂದು ಹಿರಿಯರು ಹೇಳುವ ಮಾತಿಗೆ ಆಚಾರ್ಯರು ಲೆಕ್ಕದ ಆಧಾರ ಕೊಟ್ಟರು. ಅದನ್ನು ಕೇಳಿದವನು ರಣರಂಗದಲ್ಲಿ ಅದೇ ಮನುಷ್ಯ ಜನ್ಮಗಳು ಮುಗಿಯುವುದನ್ನು ಕಣ್ಣಾರೆ ಕಂಡಿದ್ದ ದಂಡನಾಯಕ ಎಂಬುದನ್ನು ನೆನೆದರೆ ಆ ಪಾಠದ ತೂಕ ತಿಳಿಯುತ್ತದೆ.

ಕನ್ನಡದ ಮೂಲಕ ಉಳಿದ ವಿದ್ಯೆ

ಆಚಾರ್ಯರ ಶಿಷ್ಯರಾದ ಮಾಧವಚಂದ್ರ ತ್ರೈವಿದ್ಯರು ತ್ರಿಲೋಕಸಾರಕ್ಕೆ ಸಂಸ್ಕೃತ ಟೀಕೆ ಬರೆದರು. 1359ರಲ್ಲಿ ಕೇಶವಣ್ಣನು ಗೊಮ್ಮಟಸಾರಕ್ಕೆ ಜೀವತತ್ತ್ವಪ್ರದೀಪಿಕೆ ಎಂಬ ಕನ್ನಡ ವೃತ್ತಿಯನ್ನು ರಚಿಸಿದನು. ಅದನ್ನು ಆಧರಿಸಿ, ನೇಮಿಚಂದ್ರ ಎಂಬುದೇ ಹೆಸರಿನ ನಂತರದ ಕಾಲದ ವಿದ್ವಾಂಸರೊಬ್ಬರು ಅದೇ ಹೆಸರಿನ ಸಂಸ್ಕೃತ ಟೀಕೆಯನ್ನು ಬರೆದರು. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಆ ಸಂಸ್ಕೃತ ಟೀಕೆಯ ನೆರವಿನಿಂದ ಸಮ್ಯಗ್ಜ್ಞಾನ ಚಂದ್ರಿಕೆಯನ್ನು ಢೂಂಢಾರಿ ಭಾಷೆಯಲ್ಲಿ ಬರೆದು, ಅದರ ಲೆಕ್ಕಗಳ ಸಂಕೇತಗಳನ್ನು ಬಿಡಿಸಿಟ್ಟರು. ಹೀಗೆ ಉತ್ತರ ಭಾರತದ ಸ್ವಾಧ್ಯಾಯ ಸಭೆಗಳಿಗೆ ಈ ಗಣಿತ ತಲುಪಿದ್ದು ಕನ್ನಡದ ಸೇತುವೆ ದಾಟಿಯೇ.

ಮೂಲವಾದ ಧವಳಾ ಗ್ರಂಥದ ತಾಳೆಗರಿ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದವು. 1939ರಿಂದ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅದು ಮುದ್ರಣಗೊಳ್ಳತೊಡಗಿದ ಮೇಲೆ ಗಣಿತದ ಇತಿಹಾಸಕಾರರು ಅರ್ಧಚ್ಛೇದದ ಕಡೆಗೆ ಗಮನ ಹರಿಸಿದರು. ಆ ತಾಳೆಗರಿಗಳನ್ನು ಹುಳ ಹಿಡಿಯದಂತೆ, ಗೆದ್ದಲು ತಿನ್ನದಂತೆ ಕಾಪಾಡಿದವರು ನಮ್ಮ ನಾಡಿನ ಶ್ರಾವಕರು. ಅವರಲ್ಲಿ ಎಷ್ಟೋ ಮಂದಿಗೆ ಒಳಗಿನ ಲೆಕ್ಕ ತಿಳಿದಿರಲಿಕ್ಕಿಲ್ಲ. ಆದರೂ ಕಾಪಾಡಿದರು.

ಮುಂದಿನ ಬಾರಿ ವಿಂಧ್ಯಗಿರಿಗೆ ಹೋದಾಗ ತ್ಯಾಗದ ಬ್ರಹ್ಮದೇವರ ಕಂಬದ ಬಳಿ ಒಂದು ಕ್ಷಣ ನಿಲ್ಲಿ. ಅದರ ಬುಡದಲ್ಲಿ ಕೆತ್ತಿರುವ ಎರಡು ಆಕೃತಿಗಳು ಚಾವುಂಡರಾಯ ಮತ್ತು ಅವನ ಗುರು ನೇಮಿಚಂದ್ರರದು ಎಂದು ಹೇಳಲಾಗುತ್ತದೆ. ಮೇಲೆ ಬೆಟ್ಟದ ತುದಿಯಲ್ಲಿ ಶಿಷ್ಯನು ಮಾಡಿಸಿದ ಮೂರ್ತಿಯನ್ನು ಎಲ್ಲರೂ ಕಾಣುತ್ತಾರೆ. ಗುರುಗಳು ಕಟ್ಟಿಕೊಟ್ಟದ್ದನ್ನು ಕಾಣಬೇಕಾದರೆ ಕಾಗದ, ಪೆನ್ಸಿಲ್ ಹಿಡಿದು ಕೂರಬೇಕು. ಈ ಚಾತುರ್ಮಾಸದಲ್ಲಿ ಮನೆಯ ಮಕ್ಕಳನ್ನು ಕೂರಿಸಿಕೊಂಡು, ಒಂದರಿಂದ ಆರಂಭಿಸಿ ತೊಂಬತ್ತಾರು ಬಾರಿ ದುಪ್ಪಟ್ಟು ಮಾಡಿ ನೋಡಿ. ಕೊನೆಯ ಸಾಲಿನಲ್ಲಿ 336 ಎಂದು ಮುಗಿಯುವ ಇಪ್ಪತ್ತೊಂಬತ್ತು ಅಂಕೆಗಳು ಬಂದರೆ ಲೆಕ್ಕ ಸರಿ. ಆಚಾರ್ಯರಿಗೆ ಅದೇ ನಮ್ಮ ವಂದನೆ.

ಜೈ ಜಿನೇಂದ್ರ.